ಒಸಡಿನ ಬಣ್ಣ

ಪ್ರೀತಿಯ ಅಕ್ಕನಿಗೆ,

ದವಡೆಯ ಆಪರೇಷನ್ ಆದಮೇಲೆ ಮಗಳ ಮುಂದಿನ ಹಲ್ಲಿನ ಒಸಡು ಬಿಳಿಚಿಕೊಂಡಿತ್ತು. ಅವಳಮ್ಮನ ಹಲ್ಲಿನಂತೆಯೇ ಸ್ವಲ್ಪ ಓರೆಯಾದ ಹಲ್ಲು ಅದು. ಅಲ್ಲಿಗೆ ರಕ್ತ ಹರಿಯದಿದ್ದರೆ ಹಲ್ಲು ಉಳಿಯುವುದಿಲ್ಲ ಎಂದಿದ್ದರು ಡಾಕ್ಟರು. ಕೆಲಸದಲ್ಲಿ ಬಣ್ಣದ ತೊಟ್ಟಿಯಿಂದ ತೆಗೆದ ಬಟ್ಟೆ ನೋಡುವಂತೆ ದಿನವೂ ಅವಳನ್ನು ಕಿಟಕಿಯ ಬೆಳಕಿಗೆ ತಿರುಗಿಸಿ ನೋಡುತ್ತಿದ್ದೆ. "ಅಪ್ಪಾ, ನಾನೇನು ಬಟ್ಟೆನಾ? ಒಗೆದ್ರೆ ಬಣ್ಣ ಹೋಗಲ್ಲ ಬಿಡು" ಎಂದು ಬಾಯಿ ತೆರೆಯಲಾಗದೆಯೇ ಗೊಣಗುತ್ತಿದ್ದಳು.

ಇವತ್ತು ಡಾಕ್ಟರು ಒಸಡನ್ನು ಮೆಲ್ಲಗೆ ಒತ್ತಿ ಬಿಟ್ಟರು. ಬೆಳ್ಳಗಾದ ಜಾಗಕ್ಕೆ ಕೆಂಪು ತಕ್ಷಣ ಮರಳಿತು. ಹಲ್ಲು ಉಳಿಯುತ್ತದಂತೆ.

ಅವಳಮ್ಮ ತೀರಿಕೊಂಡಾಗ, ನೋಡಲಾಗದೆ ನಾನು ನಿನ್ನ ಮನೆಗೆ ಕಳಿಸಿದ್ದ ಅವಳ ಆ ಕನ್ನಡಿಯನ್ನು ಬರುವಾಗ ತಂದುಬಿಡು. ಮಗಳು ನಕ್ಕು ನೋಡಿಕೊಳ್ಳಬೇಕಂತೆ. ನಾನೂ ನೋಡಬೇಕು.

ನಿನ್ನ ದಾರಿ ಕಾಯುತ್ತಿರುವ
ತಮ್ಮ