ಮೂರು ಕಡೆ ಕಳಿಸಿದ ಹನ್ನೊಂದು ಪುಟ

ಮನೆ, ನಿನ್ನ ಕೋಣೆಯ ಮೇಜು
ಹದಿನೆಂಟನೇ ತಾರೀಖು, ಗುರುವಾರ, ಬೆಳಿಗ್ಗೆ ಹತ್ತು ಗಂಟೆ

ಪ್ರೀತಿಯ ಸೊನ್ನೆ,

ಹೇಗಿದ್ದೀಯ ಮಗಳೇ? ಹೋದ ಶನಿವಾರ ನೋಡಿದಾಗ ಕೈ ನಡುಗುವುದು ಸ್ವಲ್ಪ ಕಡಿಮೆಯಾದ ಹಾಗೆ ಕಾಣಿಸಿತು. ಅಥವಾ ನಾನು ನೋಡುತ್ತೇನೆಂದು ಕೈಯನ್ನು ಶಾಲಿನೊಳಗೆ ಇಟ್ಟುಕೊಂಡಿದ್ದೆಯೋ ಏನೋ. ಆ ಬಿಳಿ ಮಾತ್ರೆಯಿಂದ ಬಾಯಿ ಒಣಗುತ್ತದೆ ಅಂದಿದ್ದೆಯಲ್ಲ, ಡಾಕ್ಟರಿಗೆ ಹೇಳಿದೆಯಾ? ಹೇಳಿರುವುದಿಲ್ಲ. ನಿಮ್ಮಮ್ಮನೂ ಹಾಗೇ, ಮೈ ಕಾದ ಹಂಚಿನಂತೆ ಸುಡುತ್ತಿದ್ದಾಗಲೂ ಡಾಕ್ಟರ ಮುಂದೆ ಕೂತು "ಏನಿಲ್ಲ, ಚೆನ್ನಾಗಿದ್ದೀನಿ" ಅನ್ನುತ್ತಿದ್ದಳು. ನಿದ್ದೆ ಬರುತ್ತಿದೆಯೇ? ಊಟ ಸೇರುತ್ತಿದೆಯೇ? ನನ್ನದೇನೂ ವಿಶೇಷವಿಲ್ಲ. ಮಂಡಿನೋವು ನನ್ನ ಜೊತೆಯಲ್ಲೇ ಇದೆ, ಮಾತು ಮಾತ್ರ ಬಿಟ್ಟಿದ್ದೇವೆ. ಅಡುಗೆಮನೆಯ ನಲ್ಲಿಗೆ ಹೊಸ ವಾಷರ್ ಹಾಕಿದೆ. ನಿನ್ನ ಕಿಟಕಿಯ ಗಾಜು ಒರೆಸಿದೆ. ಗೋಡೆಗೆ ಅಂಟಿಸಿದ್ದ ಹಾಳೆಗಳನ್ನು ಒಂದೂ ತೆಗೆದಿಲ್ಲ, ಮುಟ್ಟಲು ಧೈರ್ಯವಿಲ್ಲ.

ನಿನಗಿಂತ ಮೊದಲು ಈ ಪತ್ರವನ್ನು ಓದುವ ಸಿಸ್ಟರ್ ಅವರಿಗೂ ನಮಸ್ಕಾರ. ಆಸ್ಪತ್ರೆಯಲ್ಲಿ ಫೋನ್ ಕೊಡುವುದಿಲ್ಲ, ಪತ್ರ ಬರೆಯಬಹುದು, ಆದರೆ ಗಣಿತದ ಮಾತು ಮಾತ್ರ ಎತ್ತಬಾರದು ಎಂದು ದೊಡ್ಡ ಡಾಕ್ಟರು ಮೊದಲ ದಿನವೇ ಕೈ ಹಿಡಿದು ಹೇಳಿದ್ದರು. ಐದು ತಿಂಗಳು ಆ ಮಾತು ಉಳಿಸಿಕೊಂಡೆ. ನಿನ್ನೆದುರು ಕೂತು ಹವೆಯ ಬಗ್ಗೆ, ಎದುರುಮನೆ ಬೆಕ್ಕಿನ ಬಗ್ಗೆ ಮಾತಾಡಿ ಎದ್ದು ಬಂದೆ. ಇವತ್ತು ಆ ಮಾತು ಮುರಿಯುತ್ತಿದ್ದೇನೆ. ಸಿಸ್ಟರ್, ಇದನ್ನು ಅವಳಿಗೆ ಕೊಡಬಾರದು ಅನಿಸಿದರೆ ಡಾಕ್ಟರನ್ನು ಒಮ್ಮೆ ಕೇಳಿ. ಅದಕ್ಕೇ ಅವಳಿಗೆ ಗೊತ್ತಿರುವ ಸಂಗತಿಯನ್ನೂ ನಿಮಗೆ ತಿಳಿಯಲೆಂದು ಬಿಡಿಸಿ ಬರೆಯುತ್ತೇನೆ. ಅವಳು ಬೇಸರ ಮಾಡಿಕೊಳ್ಳುವುದಿಲ್ಲ. ಒಂದೇ ಮಾತನ್ನು ಮೂರು ಸಲ ಹೇಳುವ ಅಪ್ಪ ಅವಳಿಗೆ ಹೊಸಬನಲ್ಲ.

ನನ್ನ ಮಗಳು ಕಾಲೇಜಿನಲ್ಲಿ ಗಣಿತ ಕಲಿಸುತ್ತಾಳೆ. ಕೆಲಸ ಇನ್ನೂ ಖಾಯಂ ಆಗಿಲ್ಲ. ಈ ತಿಂಗಳ ಮೂವತ್ತರೊಳಗೆ ಅವಳ ಒಂದು ಸಂಶೋಧನಾ ಲೇಖನವನ್ನು ಯಾವುದಾದರೂ ಒಳ್ಳೆಯ ಪತ್ರಿಕೆ ಒಪ್ಪಿಕೊಳ್ಳಬೇಕು, ಇಲ್ಲದಿದ್ದರೆ ಜಾಗ ಹೋಗುತ್ತದೆ. ರಜೆಯನ್ನು ವಿಸ್ತರಿಸಬಹುದು, ಈ ಗಡುವನ್ನು ಆಗುವುದಿಲ್ಲ ಎಂದು ಪ್ರಿನ್ಸಿಪಾಲರು ಬರೆದು ಕೊಟ್ಟಿದ್ದಾರೆ. ಲೇಖನ ಮುಗಿದು ಒಂದು ವರ್ಷವಾಗುತ್ತಾ ಬಂದಿತ್ತು. ಹನ್ನೊಂದು ಪುಟ. ಕಳಿಸು ಅಂದಾಗಲೆಲ್ಲ "ಇನ್ನೊಂದು ಸಲ ನೋಡ್ತೀನಿ ಅಪ್ಪಾ" ಅನ್ನುತ್ತಿದ್ದಳು. ಏಳನೇ ಪುಟದಲ್ಲಿ ತರ್ಕದ ಒಂದು ಮೆಟ್ಟಿಲಿದೆಯಂತೆ, ಅದು ಭಾರ ತಡೆಯುತ್ತದೋ ಇಲ್ಲವೋ ಎಂದು ಅವಳಿಗೆ ನಂಬಿಕೆಯಿರಲಿಲ್ಲ. ತಿಂಗಳುಗಟ್ಟಲೆ ಆ ಒಂದೇ ಮೆಟ್ಟಿಲನ್ನು ಹತ್ತಿ ಇಳಿದಳು. ತಲೆ ಬಾಚುವುದು ನಿಂತಿತು, ಕಾಲೇಜಿಗೆ ಹೋಗುವುದು ನಿಂತಿತು. ಕೊನೆಗೆ ಒಂದು ಬುಧವಾರ ಬೆಳಿಗ್ಗೆ ನಾನು ಹಾಲು ತಂದಾಗ ಅಡುಗೆಮನೆಯ ನಲ್ಲಿ ಭರ್ರೆಂದು ಸುರಿಯುತ್ತಿತ್ತು, ಟ್ಯಾಂಕ್ ಖಾಲಿಯಾಗುವವರೆಗೂ ಸುರಿದಿರಬೇಕು, ಇವಳು ಒದ್ದೆ ಕಾಲಿನಲ್ಲಿ ನಿಂತಿದ್ದಳು. "ಏಳನೇ ಪುಟ ತಪ್ಪು ಅಪ್ಪಾ. ಎಲ್ಲಾ ತಪ್ಪು" ಅಂದಳು. ಆಮೇಲಿನದು ನಿಮಗೇ ಗೊತ್ತು.

ಸೊನ್ನೆ, ಇನ್ನು ಮುಂದಿನದು ನಿನಗೆ ಗೊತ್ತಿಲ್ಲ. ನಿನ್ನನ್ನು ಅಲ್ಲಿ ಬಿಟ್ಟು ಬಂದ ವಾರ ಮನೆಯಲ್ಲಿ ಕೂರಲಾಗಲಿಲ್ಲ. ನಿನ್ನ ಕಂಪ್ಯೂಟರ್ ತೆಗೆದೆ. ನೀರಿನ ಬಿಲ್ಲು ಕಟ್ಟಲೆಂದು ಪಾಸ್‌ವರ್ಡ್ ನೀನೇ ಬರೆದುಕೊಟ್ಟಿದ್ದೆ. ನಿನ್ನ ಮೇಲ್ ತೆರೆಯಲೂ ಅದೇ ಸಾಕಾಯಿತು. ಆ ಹನ್ನೊಂದು ಪುಟ ಸಿಕ್ಕಿತು. ಕಳಿಸುವುದೊಂದೇ ಬಾಕಿ, ಹುಡುಗಿ ಹೆದರಿ ಕೂತಿದ್ದಾಳೆ, ನಾನಾದರೂ ಕಳಿಸುತ್ತೇನೆ ಅಂದುಕೊಂಡೆ. ಎಲ್ಲಿಗೆ? ನೀನೇ ಒಂದು ಚೀಟಿಯಲ್ಲಿ ಮೂರು ಪತ್ರಿಕೆಗಳ ಹೆಸರು ಬರೆದಿದ್ದೆ, ಒಂದರ ಕೆಳಗೊಂದು. ನಾನು ಮೂವತ್ಮೂರು ವರ್ಷ ನೀರು ಸರಬರಾಜು ಕಚೇರಿಯ ಉಗ್ರಾಣದಲ್ಲಿ ಕೂತವನು. ಅಲ್ಲಿ ಮೂರು ಕೊಟೇಶನ್ ಇಲ್ಲದೆ ಒಂದು ಬಲ್ಬ್ ಕೂಡ ಕೊಳ್ಳುವ ಹಾಗಿರಲಿಲ್ಲ. ಮೂವರಿಗೂ ಒಂದೇ ದಿನ ಕಾಗದ ಹೋಗಬೇಕು, ಯಾರ ದರ ಕಡಿಮೆಯೋ ಅವರಿಗೆ ಆರ್ಡರ್. ಹಾಗೆ ಮಾಡದವನೇ ಕಳ್ಳ. ನಿವೃತ್ತಿಯಾಗುವವರೆಗೆ ನನ್ನ ಮೇಲೆ ಒಂದು ಮೆಮೊ ಬರಲಿಲ್ಲ ಎಂದು ನಿಮ್ಮಮ್ಮನ ಮುಂದೆ ಎಷ್ಟು ಸಲ ಜಂಬ ಕೊಚ್ಚಿಕೊಂಡಿದ್ದೇನೆ, ನೀನೇ ಕೇಳಿದ್ದೀಯ. ಆ ಬುದ್ಧಿಯಲ್ಲೇ ಮೂರು ಪತ್ರಿಕೆಗೂ ಒಂದೇ ಮಧ್ಯಾಹ್ನ ಕಳಿಸಿಬಿಟ್ಟೆ.

ಫಾರಂ ತುಂಬುವುದೇ ಒಂದು ಯುದ್ಧವಾಯಿತು. ಜೊತೆಗೆ ಒಂದು ಪತ್ರ ಬೇಕಂತೆ. ಕಾಲೇಜಿನಲ್ಲಿ ಕಲಿತ ಇಂಗ್ಲಿಷಿನಲ್ಲಿ ನನಗೆ ನೆನಪಿರುವುದು ರಜಾ ಅರ್ಜಿ ಒಂದೇ. "ವಿತ್ ಡ್ಯೂ ರೆಸ್ಪೆಕ್ಟ್ ಐ ಬೆಗ್ ಟು ಸ್ಟೇಟ್" ಎಂದು ಶುರು ಮಾಡಿ "ಫಾರ್ ವಿಚ್ ಐ ಶಲ್ ಬಿ ಎವರ್ ಗ್ರೇಟ್‌ಫುಲ್" ಎಂದು ಮುಗಿಸಿದೆ. ನಡುವೆ ನಿನ್ನ ಲೇಖನದ ಹೆಸರು ತುರುಕಿದೆ. ನಿಮ್ಮಮ್ಮ ಇದ್ದಿದ್ದರೆ "ನಿಮ್ಮ ಇಂಗ್ಲಿಷು ಬಾಗಿಲವರೆಗೂ ಬರೋ ನೆಂಟ ಕಣ್ರೀ, ಒಳಗೆ ಬರಲ್ಲ" ಎಂದು ನಗುತ್ತಿದ್ದಳು. ಲೇಖನವನ್ನು ಯಾರಿಂದ ಪರಿಶೀಲನೆ ಮಾಡಿಸಬಹುದು, ಹೆಸರು ಸೂಚಿಸಿ ಎಂದು ಎರಡು ಪತ್ರಿಕೆಗಳು ಕೇಳಿದ್ದವು. ಇವರನ್ನು ರೆಫರಿ ಅನ್ನುತ್ತಾರಂತೆ, ಆದರೆ ಸೀಟಿ ಊದುವುದಿಲ್ಲ, ಮನೆಯಲ್ಲೇ ಕೂತು ಓದುತ್ತಾರೆ. ನಿನ್ನ ಪುಟಗಳ ಕೊನೆಯ ಆಕರಗಳ ಪಟ್ಟಿಯಲ್ಲಿ ಯಾರ ಹೆಸರು ಹೆಚ್ಚು ಸಲ ಬಂದಿದೆ ಎಂದು ಎಣಿಸಿ, ಎರಡು ಕಡೆಗೂ ಆ ಒಬ್ಬರ ಹೆಸರನ್ನೇ ಕೊಟ್ಟೆ. ಕೊನೆಗೆ ಒಂದು ಚೌಕವಿತ್ತು. ಈ ಲೇಖನವನ್ನು ಬೇರೆಲ್ಲಿಗೂ ಕಳಿಸಿಲ್ಲ ಎಂದು ಒಪ್ಪಿ ಗುರುತು ಹಾಕಬೇಕು. ಅದು ನನಗೆ ಅರ್ಥವಾಗಲಿಲ್ಲ ಎಂದು ಸುಳ್ಳು ಹೇಳುವುದಿಲ್ಲ ಮಗಳೇ. ಚೆನ್ನಾಗಿ ಅರ್ಥವಾಯಿತು. ಪೈಪು ಮಾರುವವನೂ ನಿಮಗೆ ಮಾತ್ರ ಈ ದರ ಎಂದು ಬರೆದುಕೊಡುತ್ತಿದ್ದ, ಯಾರು ನಂಬುತ್ತಿದ್ದರು? ಅಂಥದೇ ಒಂದು ಮಾತು ಅಂದುಕೊಂಡೆ. ಮೂರು ಸಲ ಗುರುತು ಹಾಕಿದೆ.

ಹೋದ ತಿಂಗಳು ಇಪ್ಪತ್ತೆರಡಕ್ಕೆ ಮೊದಲನೆಯ ಪತ್ರಿಕೆಯಿಂದ ಉತ್ತರ ಬಂತು. ಎರಡು ದಿನ ಬಿಟ್ಟು ಎರಡನೆಯದರಿಂದ. ನಿಘಂಟು ಪಕ್ಕದಲ್ಲಿಟ್ಟುಕೊಂಡು ಓದಿದೆ. ಎರಡೂ ಕಡೆಯವರು ನಿನ್ನ ಲೇಖನವನ್ನು ಅದೇ ಒಬ್ಬರಿಗೆ ಕಳಿಸಿದ್ದಾರೆ. ಅವರು ಮೊದಲನೆಯವರಿಗೆ ನಾಲ್ಕು ಪುಟದ ವರದಿ ಬರೆದು ಮುಗಿಸಿದ ಮೇಲೆ, ಎರಡನೆಯವರಿಂದ ಅದೇ ಹನ್ನೊಂದು ಪುಟ ಅವರ ಮೇಜಿಗೆ ಬಂದಿದೆ. ಅವರು ಇಬ್ಬರಿಗೂ ತಿಳಿಸಿದ್ದಾರೆ. ಲೇಖನ ತಿರಸ್ಕೃತ. ಅಷ್ಟೇ ಆಗಿದ್ದರೆ ಹೊತ್ತುಕೊಳ್ಳಬಹುದಿತ್ತು. ಮುಂದಿನ ಮೂರು ವರ್ಷ ನಿನ್ನ ಹೆಸರಿನಲ್ಲಿ ಏನು ಬಂದರೂ ತೆರೆದು ನೋಡುವುದಿಲ್ಲ ಎಂದು ಎರಡೂ ಕಡೆಯವರು ಒಂದೇ ಮಾತಿನಲ್ಲಿ ಬರೆದಿದ್ದಾರೆ. ಜೀವಮಾನದಲ್ಲಿ ನನಗೆ ಬಾರದ ಮೆಮೊ ನಿನ್ನ ಹೆಸರಿಗೆ ಬಂತು, ಅದೂ ಎರಡು. ಮೂರನೆಯ ಪತ್ರಿಕೆಯ ಮಾತು ಈಗ ಬೇಡ.

ನಾನು ಸುಮ್ಮನೆ ಕೂರಲಿಲ್ಲ. ಇಬ್ಬರಿಗೂ ಬರೆದೆ. ಮಗಳು ಆಸ್ಪತ್ರೆಯಲ್ಲಿದ್ದಾಳೆ, ಅವಳಿಗೆ ಏನೂ ತಿಳಿಯದು, ತಂದೆಯಾದ ನಾನೇ ಅಪರಾಧಿ, ಶಿಕ್ಷೆ ನನಗೆ ಕೊಡಿ ಎಂದು. ಮೊದಲನೆಯದಕ್ಕೆ ಅರೆಕ್ಷಣದಲ್ಲಿ ಉತ್ತರ ಬಂತು, ಈ ವಿಳಾಸಕ್ಕೆ ಬರೆಯಬೇಡಿ, ಇಲ್ಲಿ ಯಾರೂ ಓದುವುದಿಲ್ಲ ಎಂದು. ಎರಡನೆಯವರು ಮರ್ಯಾದಸ್ಥರು. ನಿಮ್ಮ ಕಷ್ಟ ಕೇಳಿ ವಿಷಾದವಾಯಿತು, ಆದರೆ ಲೇಖನ ಯಾರ ಹೆಸರಿನಲ್ಲಿದೆಯೋ ಹೊಣೆಯೂ ಅವರದೇ, ತಂದೆ ಎಂಬ ಕಾಲಂ ನಮ್ಮಲ್ಲಿಲ್ಲ ಎಂದು ಬರೆದರು. ಅವರ ಮಾತು ನ್ಯಾಯವಾಗಿಯೇ ಇದೆ. ಅದಕ್ಕೇ ನನಗೆ ಯಾರ ಮೇಲೂ ಕೋಪ ಬರುತ್ತಿಲ್ಲ. ಕೋಪ ಬಂದಿದ್ದರೆ ಎಷ್ಟೋ ಸುಖವಿತ್ತು. ಬೆಳಿಗ್ಗೆ ಎದ್ದು ಮುಖ ತೊಳೆಯುತ್ತೇನೆ, ಕನ್ನಡಿ ನೋಡದೆ ಈಚೆಗೆ ಬರುತ್ತೇನೆ. ತರಕಾರಿಯವಳು "ಮಗಳು ಹೇಗಿದ್ದಾಳೆ ಯಜಮಾನ್ರೇ" ಅಂದರೆ ಬೀನ್ಸಿನ ದರ ಕೇಳಿ ಬಂದುಬಿಡುತ್ತೇನೆ. ನಿಮ್ಮಮ್ಮ ಆರು ವರ್ಷದ ಹಿಂದೆ ಹೋದಾಗ ಈ ಮನೆ ಖಾಲಿಯಾಯಿತು ಅಂದುಕೊಂಡಿದ್ದೆ. ಖಾಲಿ ಅಂದರೆ ಏನು ಎಂದು ಈಗ ಗೊತ್ತಾಗುತ್ತಿದೆ.

ಇನ್ನೊಂದು ಸಂಗತಿಯಿದೆ. ಆ ನಾಲ್ಕು ಪುಟದ ವರದಿಯನ್ನು ಮೊದಲನೆಯ ಪತ್ರಿಕೆಯವರು ಪತ್ರದ ಜೊತೆಗೇ ಕಳಿಸಿದ್ದಾರೆ. ನನಗೆ ಅರ್ಥವಾಗುವ ವಾಕ್ಯಗಳು ಅದರಲ್ಲಿ ಕಡಿಮೆ. ಆದರೆ ಏಳನೇ ಪುಟದ ಬಗ್ಗೆ ಬರೆದದ್ದು ಅರ್ಥವಾಯಿತು. ಲೇಖಕಿ ಇಲ್ಲಿ ತುಂಬಾ ಅಳುಕಿನಿಂದ ಬರೆದಿದ್ದಾರೆ, ಅಳುಕುವ ಅಗತ್ಯವಿಲ್ಲ, ತರ್ಕ ಸರಿಯಾಗಿದೆ, ಇಡೀ ಲೇಖನದಲ್ಲಿ ಅತ್ಯಂತ ಚೆಂದದ ಭಾಗ ಇದೇ, ಇದನ್ನು ಪ್ರಕಟಿಸಬೇಕು ಎಂದಿದೆ. ನೀನು ಸರಿಯಾಗಿಯೇ ಇದ್ದೆ ಮಗಳೇ. ಆ ನಲ್ಲಿ ಸುರಿಯುತ್ತಿದ್ದ ಬೆಳಿಗ್ಗೆಯೂ ಸರಿಯಾಗಿಯೇ ಇದ್ದೆ. ಒಂದೇ ಕಡೆ ಕಳಿಸಿದ್ದರೆ ಈ ಮಾತು ನಿನ್ನ ಕೈಗೆ ಕೆಲಸದ ಕಾಗದದ ಜೊತೆ ಬರುತ್ತಿತ್ತು. ಈಗ ನನ್ನ ಕೆಟ್ಟ ಅಕ್ಷರದಲ್ಲಿ ಬರುತ್ತಿದೆ. ಮೂರು ವರ್ಷದವಳಿದ್ದಾಗ ಗೋಡೆ ತುಂಬ ಸೊನ್ನೆ ಬರೆದು, "ಇದು ಏನೂ ಇಲ್ಲ, ಇದೂ ಏನೂ ಇಲ್ಲ" ಎಂದು ನೀನು ಒಂದೊಂದನ್ನೇ ತೋರಿಸುತ್ತಿದ್ದೆ, ಆ ಹೆಸರೇ ನಿನಗೆ ಉಳಿಯಿತು. ಆ ಪತ್ರಿಕೆಯವರು ನಿನ್ನನ್ನು ಡಾಕ್ಟರ್ ಎಂದು ಕರೆದು ಬರೆದಿದ್ದಾರೆ. ಅಂಥವಳ ಹೆಸರನ್ನು ನಾನು ಕೆಡಿಸಿದೆ.

ಕ್ಷಮಿಸು ಎಂದು ಬರೆದು ಎರಡು ಸಲ ಹೊಡೆದು ಹಾಕಿದೆ. ಅದನ್ನು ಕೇಳುವುದೂ ನಿನ್ನ ಮೇಲೆ ಒಂದು ಕೆಲಸ ಹೊರಿಸಿದ ಹಾಗೆ. ಮಾತ್ರೆ ತಪ್ಪಿಸಬೇಡ. ಅಂಗಳದಲ್ಲಿ ನಡೆದಾಡು, ಕಾಲಿಗೆ ಸಾಕ್ಸ್ ಹಾಕಿಕೋ. ಪಕ್ಕದ ಮಂಚದ ಟೀಚರಮ್ಮನಿಗೆ ನನ್ನ ನಮಸ್ಕಾರ ತಿಳಿಸು, ಅವರ ಸೊಸೆಗೆ ಹೆರಿಗೆಯಾಯಿತೇ? ನಿಮ್ಮಮ್ಮನ ಆಶೀರ್ವಾದ ನಿನ್ನ ಮೇಲಿರಲಿ. ನನ್ನದೂ ಇದೆ, ಅದರ ಬೆಲೆ ಈಗ ಎಷ್ಟೋ ನನಗೆ ತಿಳಿಯದು.

ಇತಿ,
ನಿನ್ನ ಅಪ್ಪ

ತಾ.ಕ.: ಅಂಚೆ ತೆಗೆಯುವ ಹೊತ್ತಾಯಿತು, ಬೇಗ ಬರೆಯುತ್ತೇನೆ. ಮೂರನೆಯ ಪತ್ರಿಕೆಯವರು ಲೇಖನವನ್ನು ಒಪ್ಪಿಕೊಂಡಿದ್ದಾರೆ. ಸೋಮವಾರ ತಿಳಿಯಿತು. ಅವರು ಬೇರೆ ಯಾರಿಗೋ ಕೊಟ್ಟು ಓದಿಸಿದ್ದಾರೆ, ಮಿಕ್ಕ ಎರಡು ಕಡೆ ನಡೆದದ್ದು ಅವರಿಗೆ ತಿಳಿಯದು. ಅಂತಿಮ ಪತ್ರ ಕೊಡುವ ಮೊದಲು ಒಂದು ಫಾರಂ ಕೇಳಿದ್ದಾರೆ. ಈ ಲೇಖನ ಬೇರೆಲ್ಲೂ ಹೋಗಿಲ್ಲ ಎಂದು ಲೇಖಕಿ ಸ್ವಂತ ಕೈಯಲ್ಲಿ ಸಹಿ ಹಾಕಬೇಕು. ಇಪ್ಪತ್ತೆಂಟಕ್ಕೆ ಅವರಿಗೆ ಸೇರಿದರೆ ಮೂವತ್ತರೊಳಗೆ ನಿನ್ನ ಕೆಲಸ ಉಳಿಯುತ್ತದೆ. ಹಾಕಿದರೆ ಅದು ಸುಳ್ಳು, ಅಷ್ಟು ಸಣ್ಣ ಜಗತ್ತಿನಲ್ಲಿ ಎಷ್ಟು ದಿನ ಮುಚ್ಚಿಡಬಹುದೋ ಗೊತ್ತಿಲ್ಲ. ಹಾಕದಿದ್ದರೆ ಕೆಲಸವಿಲ್ಲ. ನಿನ್ನೆ ಪೇಪರಿನ ಅಂಚಿನಲ್ಲಿ ನಿನ್ನ ಸಹಿಯನ್ನು ನಾಲ್ಕು ಸಲ ಬರೆದು ನೋಡಿದೆ. ನಾಲ್ಕನೆಯದು ನಿನ್ನದೇ ಅನ್ನುವ ಹಾಗೆ ಬಂತು. ಹೆದರಿ ಒಲೆಗೆ ಹಾಕಿದೆ. ಫಾರಂ ಈ ಲಕೋಟೆಯಲ್ಲೇ ಮಡಿಸಿ ಇಟ್ಟಿದ್ದೇನೆ. ಸಹಿಯ ಜಾಗ ಖಾಲಿ ಇದೆ.