ಭುಜದ ಮೇಲಿನ ಕೈ

ಉಡುಪಿ, ೧೯೬೧

ಲಿಯೋನೆಲ್,

ಇಂದು ಬೆಳಿಗ್ಗೆ ನಿನ್ನ ಅಮ್ಮ ಕಾಪುವಿನಿಂದ ಬಸ್ಸು ಹಿಡಿದು ನನ್ನ ಕೆಲಸದ ಕೋಣೆಗೆ ಬಂದಿದ್ದರು. ಕಾಣೆಯಾದ ನಿನ್ನ ಹಡಗಿನ ಸುದ್ದಿಗೆ ಇನ್ನು ಕಾಯುವುದಿಲ್ಲವಂತೆ. ಭಾನುವಾರ ಇಗರ್ಜಿಯಲ್ಲಿ ನಿನ್ನ ಆತ್ಮಕ್ಕೆ ಬಲಿಪೂಜೆ. ಅಲ್ಲಿ ಹಂಚುವ ಕಾರ್ಡಿಗೆ ನಿನ್ನ ಮುಖ ಅಚ್ಚೊತ್ತುವ ಬ್ಲಾಕ್ ಬೇಕು. ಅವರ ಬಳಿ ಇದ್ದದ್ದು ಒಂದೇ ಫೋಟೋ, ನೀನು ಹೊರಡುವ ಮುನ್ನ ದೀಪಸ್ತಂಭದ ಕೆಳಗೆ ನಾವಿಬ್ಬರೂ ನಿಂತದ್ದು.

"ನಿನ್ನನ್ನು ತೆಗೆದುಬಿಡು ಪುತಾ," ಎಂದರು. "ಸತ್ತವರ ಕಾರ್ಡಿನಲ್ಲಿ ಬದುಕಿರುವವನು ಇರಬಾರದು. ಅವನಿಗೂ ಕರೆ ಬರ್ತದೆ."

"ನನ್ನನ್ನು ಯಾರು ಕರೀತಾರೆ ಬರ್ತಾ ಬಾಯಿ?"

"ತಮಾಷೆ ಬೇಡ ಮಾರಾಯ."

ಸತುವಿನ ತಗಡಿಗೆ ಫೋಟೋ ಇಳಿಸಿದೆ. ನಾನಿದ್ದ ಕಡೆಯ ಲೇಪವನ್ನು ಕೆರೆದು, ತಗಡನ್ನು ಆಸಿಡ್ಡಿನಲ್ಲಿ ಮುಳುಗಿಸಿದೆ. ಲೇಪವಿಲ್ಲದ ಜಾಗವನ್ನು ಆಸಿಡ್ ತಿನ್ನುತ್ತದೆ, ಆಮೇಲೆ ಅಲ್ಲಿ ಮಸಿ ಹಿಡಿಯುವುದಿಲ್ಲ. ನನ್ನ ಮುಖವಿದ್ದಲ್ಲಿ ಗುಳ್ಳೆಗಳೆದ್ದವು. ನೋಡುತ್ತ ನಿಂತೆ, ಬೇಸರವೇನೂ ಆಗಲಿಲ್ಲ.

ಮೊದಲ ಪ್ರತಿಯಲ್ಲಿ ನೀನೊಬ್ಬನೇ ನಗುತ್ತಿದ್ದೆ. ನಿನ್ನ ಭುಜದ ಮೇಲೆ ನನ್ನ ಕೈ ಮಾತ್ರ ಉಳಿದಿತ್ತು. ಅದನ್ನೂ ಕೆರೆದರೆ ನಿನ್ನ ಭುಜವೇ ಹೋಗುತ್ತದೆ ಎಂದು ಅವರಿಗೆ ಹೇಳಿದೆ.

ಅವರು ಪ್ರತಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ಆಮೇಲೆ ನನ್ನ ಹಣೆಯ ಮೇಲೆ ಹೆಬ್ಬೆರಳಿನಿಂದ ಶಿಲುಬೆ ಎಳೆದರು, ನೀನು ಹೊರಟ ದಿನ ನಿನಗೆ ಎಳೆದ ಹಾಗೆಯೇ.

"ಇರಲಿ," ಎಂದರು. "ಅವನೊಬ್ಬನೇ ಹೋಗುವುದು ಬೇಡ."

ಕಾರ್ಡುಗಳು ಹಗ್ಗದ ಮೇಲೆ ಒಣಗುತ್ತಿವೆ. ಒಂದೊಂದರಲ್ಲೂ ನಿನ್ನನ್ನು ಹಿಡಿದುಕೊಂಡಿದ್ದೇನೆ. ಯಾರು ಯಾರನ್ನು ಎಳೆಯುತ್ತಿದ್ದಾರೆ ಎಂದು ಅವನ್ನು ನೋಡಿ ಹೇಳಲು ಬರುವುದಿಲ್ಲ.

ದಾಮೋದರ