ಚಿಕ್ಕಮ್ಮ ಸಭೆಯಲ್ಲಿ ಹೇಳದೆ ಬಿಟ್ಟದ್ದು

ಮಾರ್ಚ್ 2, ಶನಿವಾರ
ಅಂಗಿಗಳಿಗೆ ಕಾಜಾ ಎಲ್ಲ ಹಾಕಿದ್ದಾಯಿತು, ಗುಂಡಿ ಬಾಕಿ. ಟೈಲರ್ ಮಾಸ್ಟರ್ ರೇಗಿಸಿದರು, "ಏನಮ್ಮಾ, ಅಂಗಿ ಗುಂಡಿನೆಲ್ಲ ಬಾಯಿಗೇ ಹಾಕ್ಕೊಂಡಿದ್ದೀಯಾ? ಬೆಳಿಗ್ಗೆಯಿಂದ ಒಂದು ಮಾತಿಲ್ಲ!" ಪಕ್ಕದ ಮಿಷಿನ್ ಅಕ್ಕ ನಕ್ಕಳು. ನಾಳೆ ಅವಳೂ ನಮ್ಮ ಪ್ರಾರ್ಥನಾ ಸಭೆಗೆ ಬರುತ್ತಾಳಂತೆ. ನನ್ನ ಹಾಗೆ ಅವಳ ಮಗಳಿಗೂ ಫಿಟ್ಸ್. ನಾನು ನಾಲ್ಕನೇ ಕ್ಲಾಸಿಗೇ ಸ್ಕೂಲು ಬಿಟ್ಟದ್ದು ಅದರಿಂದಲೇ.

ಮಾರ್ಚ್ 3, ಭಾನುವಾರ
ಹಾಡು ಮುಗಿದ ಮೇಲೆ ಪಾಸ್ಟರ್ ಎಂದಿನಂತೆ ಕೇಳಿದರು, "ಯಾರಿಗೆ ಸಾಕ್ಷಿ ಇದೆ?" ದೇವರು ಮಾಡಿದ್ದನ್ನು ಎದ್ದು ನಿಂತು ಹೇಳಬೇಕು. ಚಿಕ್ಕಮ್ಮ ಎದ್ದಳು. ನನ್ನ ಕೈ ಹಿಡಿದು ಎಬ್ಬಿಸಿದಳು. "ನೊರೆ ಕಕ್ಕುತ್ತಿದ್ದ ಹುಡುಗಿ ಇವಳು. ಮಂಡಿಯೂರಿ ಬೇಡಿದೆ. ಕರ್ತನು ಮುಟ್ಟಿದ. ಈಗ ನೋಡಿ!" ಎಲ್ಲರೂ ಹಲ್ಲೆಲೂಯ ಅಂದರು. ಮಿಷಿನ್ ಅಕ್ಕ ಅತ್ತಳು.

ಬೇಡಿದ್ದು ನಿಜ. ಆದರೆ ಮಾತ್ರೆ... ಇಂದಿಗೂ ಊಟವಾದ ಮೇಲೆ ನುಂಗುತ್ತೇನೆ. ಅದನ್ನು ಚಿಕ್ಕಮ್ಮ ಯಾವತ್ತೂ ಹೇಳುವುದಿಲ್ಲ.

ಮಾರ್ಚ್ 13, ಬುಧವಾರ
ಮಿಷಿನ್ ಅಕ್ಕ ಕಿವಿಯಲ್ಲಿ ಹೇಳಿದಳು, "ಮಗಳ ಮಾತ್ರೆ ನಿಲ್ಲಿಸಿಬಿಟ್ಟೆ ಕಣೇ. ನಿಮ್ಮ ಚಿಕ್ಕಮ್ಮನಿಗಿರೋ ನಂಬಿಕೆ ನನಗ್ಯಾಕಿರಬಾರದು?"

ಕೈಯಿಂದ ಸೂಜಿ ಜಾರಿತು. "ನಾನೂ ತಗೊಳ್ತೀನಿ ಅಕ್ಕ, ದಿನಾ."

"ನನ್ನ ನಂಬಿಕೆ ಪರೀಕ್ಷೆ ಮಾಡ್ತಿದ್ದೀಯಾ? ದೇವರ ಮುಂದೆ ನಿಂತು ನಿಮ್ಮ ಚಿಕ್ಕಮ್ಮ ಸುಳ್ಳು ಹೇಳ್ತಾರಾ?"

ಬಗ್ಗಿ ಸೂಜಿ ಹುಡುಕಿದೆ.

ಅದೇ ದಿನ, ಸಂಜೆ
ಚಿಕ್ಕಮ್ಮ ಪಾತ್ರೆ ತೊಳೆಯುತ್ತಿದ್ದಳು. ಅಕ್ಕ ಮಗಳ ಮಾತ್ರೆ ನಿಲ್ಲಿಸಿದ್ದಾಳೆ, ನೀವೇ ಹೇಳಿದರೆ ನಂಬುತ್ತಾಳೆ ಅಂದೆ.

"ಮಾತ್ರೆ ಅಂದ್ರೆ ಜನ ಮಾತ್ರೆನೇ ನೋಡ್ತಾರೆ, ದೇವರನ್ನ ನೋಡಲ್ಲ. ನಾನು ಮಂಡಿ ಸವೆಸಿದ್ದು ಸುಳ್ಳಾ?"

"ಅಲ್ಲ ಚಿಕ್ಕಮ್ಮ..."

"ಮತ್ತೆ ಸುಮ್ನಿರು. ಸಭೆಯಲ್ಲಿ ನನ್ನ ಮಾನ ಕಳೀಬೇಡ."

ಅಮ್ಮ ಹೋದ ಮೇಲೆ ಸಾಕಿದವಳು. ಅವಳಿಗೆ ಎದುರಾಡಿ ನನಗೆ ಗೊತ್ತಿಲ್ಲ.

ಮಾರ್ಚ್ 16, ಶನಿವಾರ
ಅಕ್ಕ ಕೆಲಸಕ್ಕೆ ಬರಲಿಲ್ಲ. ಮಗುವಿಗೆ ನಿನ್ನೆ ಮತ್ತೆ ಫಿಟ್ಸ್ ಬಂತಂತೆ. ಮನೆಗೆ ಹೋದೆ. ಮಲಗಿತ್ತು, ಹಲ್ಲು ಕಚ್ಚಿ ತುಟಿ ಊದಿತ್ತು. "ನನ್ನ ನಂಬಿಕೆನೇ ಸಾಲದು," ಅಂತ ಅಕ್ಕ ತನ್ನನ್ನೇ ಬೈದುಕೊಂಡಳು. ಕೇಳಲಾಗಲಿಲ್ಲ. ದೇವರ ಮಹಿಮೆಗೆಂದು ನಾವು ಮುಚ್ಚಿಟ್ಟದ್ದಕ್ಕೆ ಈ ಮಗುವಿಗೆ ಪೆಟ್ಟು.

ನಾಳೆ ಸಭೆಯಲ್ಲಿ ಎದ್ದು ನಿಲ್ಲಬೇಕು. ಕರ್ತನೇ, ಬಾಯಿ ಕೊಡು.

ಮಾರ್ಚ್ 17, ಭಾನುವಾರ
ಎದ್ದೆ. ಚಿಕ್ಕಮ್ಮ ಸೆರಗು ಹಿಡಿದು ಎಳೆದಳು. ಕೂರಲಿಲ್ಲ.

"ದೇವರು ನನ್ನನ್ನ ಉಳಿಸಿದ. ಮಾತ್ರೆನೂ ಅವನೇ ಕೊಟ್ಟಿದ್ದು. ನಿನ್ನೆನೂ ನುಂಗಿದೆ. ಯಾರೂ... ಯಾರೂ ನಿಲ್ಲಿಸಬೇಡಿ."

ಅಷ್ಟೇ. ಹಲ್ಲೆಲೂಯ ಇಲ್ಲ. ಹಿಂದಿನ ಸಾಲಿನಿಂದ ಯಾರೋ, "ಸಾಕಿದವಳಿಗೆ ಒಳ್ಳೇ ಮರ್ಯಾದೆ ಮಾಡಿದ್ಳು." ಪಾಸ್ಟರ್ ಅವಸರವಾಗಿ ಹಾಡು ಎತ್ತಿಕೊಂಡರು. ಅಕ್ಕ ನನ್ನತ್ತ ನೋಡಲಿಲ್ಲ, ಚಿಕ್ಕಮ್ಮನ ಮುಖವನ್ನೇ ನೋಡುತ್ತಿದ್ದಳು.

ದಾರಿಯುದ್ದಕ್ಕೂ ಚಿಕ್ಕಮ್ಮ ಮುಂದೆ, ನಾನು ಹಿಂದೆ. ಊಟ ಬಡಿಸಿದಳು. ನಿಜ ಹೇಳಿದರೆ ಮನಸ್ಸು ಹಗುರಾಗುತ್ತದೆ ಅಂದುಕೊಂಡಿದ್ದೆ. ಆಗಲಿಲ್ಲ. ಮಗು ಇನ್ನೂ ಮಾತ್ರೆಯಿಲ್ಲದೆ ಇದೆ.

ಮಾರ್ಚ್ 18, ಬೆಳಿಗ್ಗೆ
ಅಕ್ಕ ಬಂದಿದ್ದಾಳೆ. ಹೆಗಲ ಮೇಲೆ ಮಗಳು. ನನ್ನನ್ನು ದಾಟಿ ಒಳಗೆ ನೋಡಿ ಕೇಳಿದಳು, "ಇವಳು ಹೇಳಿದ್ದು ನಿಜಾನಾ ಅಮ್ಮಾ? ನೀವೇ ಹೇಳಿ."

ಚಿಕ್ಕಮ್ಮ ಒಲೆ ಆರಿಸಿದಳು. ಕೈ ಒರೆಸಿಕೊಂಡಳು. ಎಷ್ಟೋ ಹೊತ್ತು ಒರೆಸಿಕೊಂಡಳು.

"ಇವಳನ್ನ ಏನು ಕೇಳ್ತೀಯಾ? ಇವಳಿಗೆ ಆಗ ಪ್ರಜ್ಞೆನೇ ಇರಲಿಲ್ಲ. ಡಾಕ್ಟರ್ ಹತ್ರ ಎತ್ಕೊಂಡು ಓಡಿದ್ದು, ಮಾತ್ರೆ ತಂದದ್ದು ನಾನು. ಕೊಡು ಮಗೂನ. ನಡಿ ಆಸ್ಪತ್ರೆಗೆ."

ಚಿಕ್ಕಮ್ಮ ನನ್ನ ಮುಖ ಇನ್ನೂ ನೋಡಿಲ್ಲ. ಚಪ್ಪಲಿ ಹಾಕಿಕೊಳ್ಳುತ್ತಿದ್ದಾಳೆ. ನಾನೂ ಹೋಗಲೇ, ಬೇಡವೇ... ಗೇಟಿನ ಹತ್ತಿರ ನಿಂತಳು. ಈಗ ತಿರುಗಿ ನನ್ನತ್ತ ನೋಡುತ್ತಿದ್ದಾಳೆ.